ನೀರು ಎಲ್ಲಿ ಹೋಗುತ್ತಿತ್ತು

ಭತ್ತ ಕಟಾವು ಮಾಡುವ ಯಂತ್ರದ ಮೇಲಿಂದ ಬಿದ್ದು ನನ್ನ ಗಂಡನ ಎಡಗಾಲಿನ ನರಕ್ಕೆ ಪೆಟ್ಟಾದ ಮೇಲೆ ಕಾರು ಓಡಿಸುವ ಕೆಲಸ ನನ್ನ ಪಾಲಿಗೆ ಬಂತು. ಅಲ್ಲಿಯವರೆಗೆ ಯಲಬುರ್ಗಾದ ನಮ್ಮ ಶಾಲೆಗೆ ಹೋಗಿ ಬರುವ ಸ್ಕೂಟಿ ಬಿಟ್ಟರೆ ಬೇರೆ ಗಾಡಿ ಮುಟ್ಟಿದವಳಲ್ಲ ನಾನು. ಅವರ ಹಳೆಯ ಕಾರನ್ನು ಊರ ಹೊರಗಿನ ಬಯಲಿನಲ್ಲಿ ಓಡಿಸಿ ಕಲಿತೆ. ವಾರಕ್ಕೊಮ್ಮೆ ಅವರನ್ನು ಗಂಗಾವತಿಯ ಫಿಜಿಯೋಥೆರಪಿಗೆ ಕರೆದುಕೊಂಡು ಹೋಗತೊಡಗಿದೆ. ಪಾದದಲ್ಲಿ ಅವರಿಗೆ ಸ್ಪರ್ಶವೇ ಇರಲಿಲ್ಲ. ಮುಟ್ಟಿದರೂ ಚುಚ್ಚಿದರೂ ಒಂದೇ. ಕೋಲು ಹಿಡಿದು ನಡೆಯುತ್ತಿದ್ದರು, ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದರು.

ಬೇಸಿಗೆ ಬರುವ ಹೊತ್ತಿಗೆ ಕಾರಿನಲ್ಲಿ ನೀರು ನಿಲ್ಲದಂತಾಯಿತು. ಹೊರಡುವಾಗ ಇಂಜಿನ್ ತಣಿಸುವ ಕೂಲಂಟ್ ಡಬ್ಬಿ ತುಂಬಿಸಿದರೆ ಬರುವಾಗ ಅರ್ಧ. ಒಂದು ಶುಕ್ರವಾರ ಹಿಟ್ನಾಳದ ಹತ್ತಿರ, ಹುಲಿಗೆಮ್ಮನ ದರ್ಶನಕ್ಕೆ ಹೊರಟ ಟ್ರ್ಯಾಕ್ಟರು, ಟಂಟಂಗಳ ನಡುವೆ ತೆವಳುತ್ತಿದ್ದಾಗ ಬಿಸಿಯ ಮುಳ್ಳು ಕೆಂಪು ಮುಟ್ಟಿತು. ಬೇವಿನ ಮರದ ಕೆಳಗೆ ನಿಲ್ಲಿಸಿ ಬಗ್ಗಿ ನೋಡಿದೆ. ಕಾರಿನ ಕೆಳಗೆ ಒಂದು ಹನಿಯೂ ಇರಲಿಲ್ಲ.

ಕೊಪ್ಪಳದಲ್ಲಿ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿದೆವು. "ಹೊರಗ ಸೋರಿಲ್ಲ ಅಂದ್ರ ಒಳಗ ಸುಡಾಕತ್ತೈತಿ ಅಂತ ಲೆಕ್ಕ. ಇಂಜಿನ್ ಬಿಚ್ಚಬೇಕಾಗ್ತೈತ್ರಿ ಅಕ್ಕಾರ" ಎಂದರು.

ನಾನು ತಲೆಯಾಡಿಸುವುದರೊಳಗೆ ನನ್ನ ಗಂಡ ಬಾಯಿಬಿಟ್ಟರು. "ಬಿಚ್ಚೂದು ಬ್ಯಾಡ್ರಿ. ಮೊದ್ಲ ಎಲ್ಲಿ ಹೊಂಟೈತಿ ನೋಡೂಣು. ಬಣ್ಣ ಹಾಕಿದ್ರ ತಾನ ತೋರಸ್ತೈತಿ."

ಎಷ್ಟೋ ದಿನಗಳ ಮೇಲೆ ಅವರು ಒಟ್ಟಿಗೆ ಅಷ್ಟು ಮಾತಾಡಿದ್ದು. ದಾರಿಯಲ್ಲಿ ವಿವರಿಸಿದರು. ಕೂಲಂಟ್‌ಗೆ ಬೆರೆಸುವ ಬಣ್ಣ ಒಂದಿದೆಯಂತೆ. ನೀರು ಎಲ್ಲಿ ಜಿನುಗುತ್ತದೋ ಅಲ್ಲಿಗೆ ಬಣ್ಣವೂ ಹೋಗಿ ಕೂರುತ್ತದೆ. ಕತ್ತಲಲ್ಲಿ ನೇರಳೆ ಬೆಳಕಿನ ಬ್ಯಾಟರಿ ಹಿಡಿದರೆ ಹಳದಿ ಹಸಿರಾಗಿ ಹೊಳೆಯುತ್ತದೆ. ಕಟಾವು ಯಂತ್ರಗಳ ರಿಪೇರಿ ಮಾಡುತ್ತಿದ್ದಾಗ ಅವರು ಇದನ್ನು ಮಾಡಿದವರೇ. ಆ ರಾತ್ರಿಯೇ ಫೋನಿನಲ್ಲಿ ಎರಡನ್ನೂ ತರಿಸಲು ಹಾಕಿದರು.

ಹಗಲಿನಲ್ಲಿ ಕತ್ತಲು ಸಿಗುವ ಜಾಗವೆಂದರೆ ನಮ್ಮ ಪಕ್ಕದ ಗಾದಿ ಅಂಗಡಿಯ ಶೆಡ್ಡು. ಗಾದಿ ಹೊಲಿಯುವ ಚಾಚಾ ಅರಳೆ ಮೂಟೆಗಳನ್ನು ಒತ್ತಟ್ಟಿಗೆ ಸರಿಸಿ ಕಾರಿಗೆ ಜಾಗ ಮಾಡಿಕೊಟ್ಟರು. ಬಣ್ಣ ಸುರಿಯುವಾಗ ನನ್ನ ಗಂಡನ ಕೋಲು ಜಾರಿ ಶೀಸೆ ಅಲುಗಾಡಿತು. ಒಂದಿಷ್ಟು ಚೆಲ್ಲಿತು. ನಾವು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಂದು ಸುತ್ತು ಓಡಿಸಿ ಬಂದು, ಶಟರ್ ಇಳಿಸಿ, ಬ್ಯಾಟರಿ ಹಿಡಿದರೆ ಬಾನೆಟ್ಟಿನ ಒಳಗೆಲ್ಲ ಹಸಿರೇ ಹಸಿರು.

ಚಾಚಾ ಇಣುಕಿ ನೋಡಿ, "ಇದು ಇಡೀ ಇಂಜಿನ್ನ ಸೋರಾಕತ್ತೈತಲ್ಲೋ" ಎಂದರು.

ನನ್ನ ಗಂಡನಿಗೆ ನಗು ತಡೆಯಲಾಗಲಿಲ್ಲ. ನಕ್ಕು ನಕ್ಕು ಕಾರಿಗೇ ಒರಗಿದರು. ಆಮೇಲೆ ಎಲ್ಲವನ್ನೂ ತೊಳೆದು, ಒರೆಸಿ, ಮೊದಲಿನಿಂದ ಶುರು ಮಾಡಿದೆವು.

ಮುಂದಿನ ವಾರ ಗಂಗಾವತಿಯಿಂದ ಬರುವಾಗ ಅವರು, "ಹಿಮ್ಮಡ ತೊಯ್ದಂಗ ಆಗ್ತೈತಿ. ಬೆಚ್ಚಗ" ಎಂದರು. ಹಿಂದೆಯೂ ಒಂದೆರಡು ಸಲ ಹಾಗೆ ಅಂದಿದ್ದರು. ನರ ಚಿಗುರುವಾಗ ಇಲ್ಲದ್ದೆಲ್ಲ ಇದ್ದಂತೆ ಅನ್ನಿಸುತ್ತದೆ ಎಂದು ಫಿಜಿಯೋಥೆರಪಿಯ ಮೇಡಂ ಮೊದಲೇ ಹೇಳಿದ್ದರು. ಗಾಡಿ ನಿಲ್ಲಿಸಿ, ಚಪ್ಪಲಿ ಬಿಟ್ಟು ಬರೀ ಕಾಲುಚೀಲದಲ್ಲಿ ಊರಿದ್ದ ಅವರ ಕಾಲ ಕೆಳಗಿನ ರಬ್ಬರ್ ಮ್ಯಾಟನ್ನು ನಡುವೆ ಮುಟ್ಟಿ ನೋಡಿದೆ. ಒಣಗಿತ್ತು. ನರದ್ದೇ ಇರಬೇಕು ಎಂದುಕೊಂಡು ಗಾಡಿ ಹೊರಡಿಸಿದೆ.

ನೇರವಾಗಿ ಚಾಚಾನ ಶೆಡ್ಡಿಗೇ ಬಂದೆವು. ಶಟರ್ ಇಳಿಯಿತು. ರೇಡಿಯೇಟರ್, ಪಂಪು, ಒಂದೊಂದು ಪೈಪಿನ ಕೊರಳು, ಎಲ್ಲ ಕಡೆ ನನ್ನ ಗಂಡ ಬೆಳಕು ಬಿಟ್ಟರು. ಮೂಲೆಯಲ್ಲಿದ್ದ ಬಿಳಿ ಗಾದಿ ಬಟ್ಟೆ ನೀಲಿಯಾಗಿ ಮಿನುಗಿತೇ ಹೊರತು ಇಂಜಿನ್ನಿನಲ್ಲಿ ಏನೂ ಕಾಣಲಿಲ್ಲ. "ಆತು ಬಿಡು, ಬಿಚ್ಚೂದ ಖರೆ" ಎನ್ನುತ್ತ, ಕೆಳಗೆ ಬಿದ್ದ ಕೋಲು ಹುಡುಕಲು ಬ್ಯಾಟರಿಯನ್ನು ನೆಲಕ್ಕೆ ತಿರುಗಿಸಿದರು.

ಅವರ ಎಡಗಾಲಿನ ಕಾಲುಚೀಲದ ಹಿಮ್ಮಡಿ ಹಸಿರಾಗಿ ಹೊಳೆಯಿತು.

"ಈ ಕಾಲಚೀಲ ಇವತ್ತ ಮುಂಜಾನಿ ಒಗದಿದ್ದು ತಗದು ಹಾಕೀನಿ, ಹ್ವಾದ ವಾರ ಚೆಲ್ಲಿದ್ದಲ್ಲ" ಎಂದೆ ನಾನು.

ಅವರು ಕುಂಟುತ್ತ ಹೋಗಿ ಎಡಗಡೆಯ ಬಾಗಿಲು ತೆಗೆದರು. ನಾನು ರಬ್ಬರ್ ಮ್ಯಾಟ್ ಎತ್ತಿದೆ. ಅದರ ಕೆಳಗಿನ ಕಾರ್ಪೆಟ್ ತೊಯ್ದು ತೊಪ್ಪೆಯಾಗಿತ್ತು, ಬೆಳಕು ಬಿದ್ದದ್ದೇ ತಡ ಗದ್ದೆಯಂತೆ ಹಸಿರಾಯಿತು. ಡ್ಯಾಶ್‌ಬೋರ್ಡಿನ ಅಡಿಯಿಂದ ಸಣ್ಣ ಗೆರೆಯೊಂದು ಇಳಿದು, ಮ್ಯಾಟಿನ ಅಂಚಿಗೆ ಅವರು ಹಿಮ್ಮಡಿ ಊರುವ ಜಾಗಕ್ಕೆ ಬಂದಿತ್ತು.

"ಹೀಟರ್ ಸೋರತೈತಿ. ಇಂಜಿನ್ನಿನ ಬಿಸಿ ನೀರು ಅದರಾಗೂ ಹಾದು ಹೋಗ್ತೈತಿ" ಎಂದರು. ಸೀಟಿನ ಮೇಲೆ ಕೂತು ಆ ಕಾಲನ್ನೇ ನೋಡುತ್ತಿದ್ದರು. "ಅಂದ್ರ ನನಗ ಖರೇನ ಗೊತ್ತಾಗಿತ್ತು. ಬೆಚ್ಚಗ ಆಗಿದ್ದು, ತೊಯ್ದಿದ್ದು."

ನಾನು ಕಾಲುಚೀಲ ತೆಗೆದು ಹಿಮ್ಮಡಿಗೆ ಹೆಬ್ಬೆರಳು ಒತ್ತಿದೆ. "ಈಗ?"

ಕಣ್ಣು ಮುಚ್ಚಿದರು. "ಐತಿ. ಕೌದಿ ಹೊದ್ದಾಗ ಮ್ಯಾಲಿಂದ ಯಾರೋ ಮುಟ್ಟಿದಂಗ."

ನನ್ನ ಕೈ ಅಲ್ಲಿಂದ ಏಳಲಿಲ್ಲ. ಚಾಚಾ ಶಟರ್ ಅರ್ಧ ಎತ್ತಿ ಚಹಾ ಹೇಳಲು ಹೋದರು.

ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಬಾನೆಟ್ಟಿನಲ್ಲೇ ಒಂದಕ್ಕೊಂದು ಕೂಡಿಸಿದರೆ ಸಾಕಾಗಿತ್ತು. "ನಮ್ಮ ಬಿಸಲಾಗ ಹೀಟರ್ ಯಾರಿಗೆ ಬೇಕು" ಎನ್ನುತ್ತ ನನ್ನ ಗಂಡನೇ ಕೂಡಿಸಿದರು. ಫಿಜಿಯೋಥೆರಪಿಯ ಮೇಡಂ ಗಂಡನ ಕಣ್ಣು ಮುಚ್ಚಿಸಿ ಪಾದದ ಮೇಲೆ ಹತ್ತಿ ಆಡಿಸಿ ನೋಡಿದರು. ಹಿಮ್ಮಡಿಯಲ್ಲಿ ತಿಳಿಯುತ್ತಿತ್ತು, ಬೆರಳುಗಳಲ್ಲಿ ಇನ್ನೂ ಇಲ್ಲ. ಸ್ಪರ್ಶ ಮೇಲಿಂದ ಕೆಳಕ್ಕೆ ನಿಧಾನವಾಗಿ ಬರುತ್ತಿರುವುದಂತೂ ಹೌದು ಎಂದರು.

ಕೋಲು ಈಗಲೂ ಇದೆ. ಆದರೆ ಶನಿವಾರ ಮಧ್ಯಾಹ್ನ ನಾನು ಶಾಲೆಯಿಂದ ಬರುವಾಗ ಚಾಚಾನ ಶೆಡ್ಡಿನ ಮುಂದೆ ಸೋರಿಕೆ ಹುಡುಕಿಸಲು ಬಂದ ಯಾರದಾದರೂ ಗಾಡಿ ಇರುತ್ತದೆ. ಮೊನ್ನೆ ಹುಲಿಹೈದರದ ರೈತರೊಬ್ಬರ ಟ್ರ್ಯಾಕ್ಟರ್ ಬಂದಿತ್ತು. ಅರ್ಧ ಇಳಿದ ಶಟರಿನ ಕೆಳಗೆ ಬಗ್ಗಿ ಒಳಗೆ ಹೋದೆ. ರೈತರು, ಚಾಚಾ, ನನ್ನ ಗಂಡ ಮೂವರೂ ಇಂಜಿನ್ ಮೇಲೆ ಬಾಗಿದ್ದರು. "ಬಾ, ಬ್ಯಾಟರಿ ಹಿಡಿ" ಎಂದರು ನನ್ನ ಗಂಡ, ತಲೆ ಎತ್ತದೆ. ಶಾಲೆಯ ಚೀಲ ಗಾದಿಯ ಮೇಲಿಟ್ಟು ಬ್ಯಾಟರಿ ಹಿಡಿದೆ.