ಟೈಲರಮ್ಮ ಆರಿಸಿದ ಕ್ಯಾಮೆರಾ

ಟೈಲರಮ್ಮ ಕತ್ತರಿ ಹಿಡಿದರೆ ಎಂಥ ಜಾರುವ ಬಟ್ಟೆಯೂ ಅವಳ ಮಾತು ಕೇಳುತ್ತಿತ್ತು. ಗಂಡ ಮಾತ್ರ ಕೇಳುತ್ತಿರಲಿಲ್ಲ. "ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ನನ್ನ ಸಂಸಾರ" ಎಂದು ಹೊಲಿಗೆ ಕಲಿಯಲು ಬರುವ ಹೆಂಗಸರ ಮುಂದೆ ನಗುತ್ತಲೇ ಗೊಣಗುವಳು. ಅವನು ತಗಡು ಒತ್ತುವ ಕಾರ್ಖಾನೆಯಲ್ಲಿ ಪ್ರೆಸ್ ಮಷೀನು ನಡೆಸುವವನು. ಮನೆಗೆ ಬಂದರೆ ಏನು ಕೇಳಿದರೂ ಒಂದು "ಹೂಂ", ಒಂದು ನಗು.

ಕಲಿಯುವವರಿಗೆ ಮುಂದಿನ ಕೋಣೆ ಸಾಲದಾದಾಗ ಅವಳಿಗೆ ಪಾಠಗಳನ್ನು ವಿಡಿಯೊ ಮಾಡುವ ಆಸೆ ಹುಟ್ಟಿತು. ಅಕ್ಕನ ಮಗಳು ತನ್ನ ಹಳೆಯ ಕಂಪ್ಯೂಟರನ್ನು ತಂದಿಟ್ಟು, ವಿಡಿಯೊ ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್ ಹಾಕಿಕೊಟ್ಟಳು.

"ಚಿಕ್ಕಮ್ಮ, ಚೆನ್ನಾಗಿ ಕಾಣುತ್ತೆ ಅಂತ ಕ್ಯಾಮೆರಾ ತಗೊಂಡುಬಿಡಬೇಡ. ಕೆಲವು ಕ್ಯಾಮೆರಾದ ಫೈಲು ಇದರಲ್ಲಿ ತೆರೆಯೋದೇ ಇಲ್ಲ."

"ಅಸ್ತರು ನೋಡದೆ ಕೋಟು ಕತ್ತರಿಸೋಳಲ್ಲ ಕಣೇ ನಾನು."

ಕ್ಯಾಮೆರಾ ಅಂಗಡಿಯವನು ಅವಳ ಹಳೆಯ ಗಿರಾಕಿ. ಎರಡು ಕ್ಯಾಮೆರಾಗಳನ್ನು ಮುಂದಿಟ್ಟು, "ಮನೇಲಿ ತೆಗೆದು ನೋಡಿ. ನಿಮ್ಮ ಕಂಪ್ಯೂಟರ್ ಯಾವುದನ್ನ ಒಪ್ಪುತ್ತೋ ಅದನ್ನ ಇಟ್ಕೊಳ್ಳಿ" ಎಂದ.

ರಜೆಯ ದಿನ ಗಂಡ ಕಿಟಕಿಯ ಬಳಿ ಕೂತು ಮುರಿದ ಸ್ಟೂಲಿಗೆ ಕಾಲು ಕೂರಿಸುತ್ತಿದ್ದ. ಪಕ್ಕದಲ್ಲಿ ಬೆಕ್ಕು ಮಲಗಿತ್ತು. ಅವಳು ಎರಡೂ ಕ್ಯಾಮೆರಾಗಳನ್ನು ಕತ್ತರಿಸುವ ಮೇಜಿನ ಮೇಲೆ ಜೋಡಿಸಿ ಚಾಲೂ ಮಾಡಿ, "ರೀ, ಸ್ವಲ್ಪ ಈ ಕಡೆ ತಿರುಗ್ರೀ" ಎಂದಳು. ಅವನು ತಿರುಗಲಿಲ್ಲ. "ಹೆಂಡತಿ ಕರೆದರೆ ತಿರುಗೋಕೆ ದುಡ್ಡು ಕೊಡಬೇಕಾ?" ಎಂದಳು. ಅವನು ಸ್ಟೂಲಿಗೆ ಮೊಳೆ ಹೊಡೆಯುತ್ತಲೇ ಇದ್ದ. ಅಷ್ಟರಲ್ಲಿ ಅಡುಗೆಮನೆಯ ಅಟ್ಟದಿಂದ ದೊಡ್ಡ ತಪ್ಪಲೆ ಉರುಳಿ ಬಿತ್ತು. ಅವಳು ಅತ್ತ ಓಡಿದಳು.

ಸಂಜೆ ಅಕ್ಕನ ಮಗಳ ಜೊತೆ ಕಂಪ್ಯೂಟರಿನ ಮುಂದೆ ಕೂತಳು. ಮೊದಲ ಕ್ಯಾಮೆರಾದ ವಿಡಿಯೊ ತೆರೆಯುವಷ್ಟರಲ್ಲಿ ಕಂಪ್ಯೂಟರು ಏದುಸಿರು ಬಿಟ್ಟು ನಿಂತಿತು. ಎರಡನೆಯದು ಬೆಣ್ಣೆಯಿಂದ ಕೂದಲು ತೆಗೆದಂತೆ ತೆರೆಯಿತು. ಚಿತ್ರದ ಕೆಳಗೆ ಸದ್ದೆಲ್ಲ, ಜೋರಾದಷ್ಟೂ ಎತ್ತರವಾಗಿ, ಗುಡ್ಡಗಳ ಸಾಲಿನಂತೆ ಮೂಡಿತು.

"ಇದು ನಿನ್ನ ದನಿ ಚಿಕ್ಕಮ್ಮ. ಈ ಬೆಟ್ಟ ತಪ್ಪಲೆ ಬಿದ್ದಿದ್ದು."

ಬೆಟ್ಟ ಬಂದಾಗ ಚಿತ್ರದಲ್ಲಿದ್ದ ಬೆಕ್ಕು ಮಾರುದ್ದ ಹಾರಿ ಮೇಜಿನಡಿ ನುಗ್ಗಿತು. ಗಂಡ ಹಾಗೇ ಮೊಳೆ ಹೊಡೆಯುತ್ತಿದ್ದ. ಹೆಗಲು ಅಲುಗಲಿಲ್ಲ. ತಲೆ ಎತ್ತಲಿಲ್ಲ. ಓಡಿದ ಬೆಕ್ಕನ್ನು ಮಾತ್ರ, ಇದಕ್ಕೇನಾಯಿತು ಎಂಬಂತೆ ನೋಡಿದ.

"ಇನ್ನೊಂದು ಸಲ ಹಾಕು" ಎಂದಳು.

ಇನ್ನೊಂದು ಸಲ ಹಾಕಿದರು. ಬೆಳಕಿಲ್ಲದ ಕೋಣೆಗೆ ಅವಳು ಬಂದ ಕೂಡಲೇ ಅವನು ಏಕೆ ದೀಪ ಹಾಕುತ್ತಿದ್ದ, ಅವಳು ಬೆನ್ನು ತಿರುಗಿಸಿಕೊಂಡು ಅಂದದ್ದಕ್ಕೆ ಏಕೆ ಎಂದೂ ಉತ್ತರ ಬರುತ್ತಿರಲಿಲ್ಲ, ಎಲ್ಲ ಒಟ್ಟಿಗೇ ಹೊಳೆಯಿತು. ಅವನಿಗೆ ಕಿವಿ ಕೇಳುತ್ತಿರಲಿಲ್ಲ, ಅವಳ ತುಟಿ ನೋಡುತ್ತಿದ್ದ.

ಅಕ್ಕನ ಮಗಳನ್ನು ಕಳಿಸಿ, ಗಂಡನ ಎದುರು ಬಂದು ನಿಂತಳು. "ಯಾವಾಗಿಂದ?"

ಅವನು ಸುಳ್ಳು ಹೇಳಲು ಬಾಯಿ ತೆರೆದು, ಅದನ್ನು ಅಲ್ಲೇ ಬಿಟ್ಟ. ಆಮೇಲೆ ಹೇಳಿದ, "ಎಡಗಿವಿ ಹೋಗಿ ಬಹಳ ಕಾಲ ಆಯ್ತು. ಬಲದ್ದು ಈಗೀಗ. ಪ್ರೆಸ್ಸಿನ ಸದ್ದು."

"ನನಗೂ ಹೇಳಬಾರದಾ?"

"ಯಾರಿಗೆ ಹೇಳಿದ್ರೂ ಮಷೀನಿಂದ ಎಬ್ಬಿಸಿ ಗೇಟು ಕಾಯೋಕೆ ಕೂರಿಸ್ತಾರೆ ಕಣೆ." ಕತ್ತಿನ ಹಿಂದೆ ಕಾಲರ್ ಮುಟ್ಟಿಕೊಂಡು ಅಂದ, "ಹೋದ ತಿಂಗಳು ಅಂಗಿ ಕಾಲರ್ ಹರಿದಿತ್ತಲ್ಲ. ಹಿಂದಿಂದ ಸಾಮಾನಿನ ಗಾಡಿ ಬಂತು. ಹಾರ್ನು ಕೇಳಿಸಲಿಲ್ಲ. ಪಕ್ಕದ ಮಷೀನಿನವನು ಕಾಲರ್ ಹಿಡಿದು ಎಳೆದ."

ಆ ಕಾಲರನ್ನು ಹೊಲಿದುಕೊಟ್ಟವಳು ಅವಳೇ. 'ಹುಡುಗರ ಹಾಗೆ ಅಂಗಿ ಹರ್ಕೊಂಡು ಬರ್ತೀರಲ್ಲ' ಎಂದು ಬೈದೂ ಇದ್ದಳು.

ಮರುದಿನವೇ ಕಿವಿಯ ಡಾಕ್ಟರ ಬಳಿ ಎಳೆದುಕೊಂಡು ಹೋದಳು. ಎಡಗಿವಿಗೆ ಮಾಡುವುದೇನೂ ಉಳಿದಿರಲಿಲ್ಲ. ಬಲಗಿವಿಗೆ ಕೇಳಿಸುವ ಯಂತ್ರ ಹಾಕಿದರು. ವಿಷಯ ತಿಳಿದ ಕಾರ್ಖಾನೆಯವರು ಅವನನ್ನು ಗೇಟಿಗೆ ಕಳಿಸಲಿಲ್ಲ, ತಯಾರಾದ ಮಾಲು ಪರೀಕ್ಷಿಸುವ ಕೋಣೆಗೆ ಹಾಕಿದರು. ಆದರೂ ಮಷೀನು ಬಿಟ್ಟ ಸಂಕಟಕ್ಕೆ ಅವನು ಕೆಲವು ದಿನ ಮುಖ ಊದಿಸಿಕೊಂಡೇ ಓಡಾಡಿದ.

ಟೈಲರಮ್ಮ ಎರಡನೆಯ ಕ್ಯಾಮೆರಾವನ್ನೇ ಇಟ್ಟುಕೊಂಡಳು. ಮೊದಲ ಪಾಠ ತೆಗೆದ ದಿನ ಗಂಡ ಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಅವಳು ತೋಳಿನ ಅಳತೆ ವಿವರಿಸಿ ಮುಗಿಸಿದಾಗ ಮೆಲ್ಲಗೆ ಕೇಳಿದ:

"ಯಾಕೆ ಅಷ್ಟು ಜೋರಾಗಿ ಕಿರುಚ್ತೀಯ?"

"ಯಾರು, ನಾನಾ?"

ವಿಡಿಯೊ ಹಾಕಿ ನೋಡಿದಳು. ಮೊದಲಿಂದ ಕೊನೆವರೆಗೂ ಬೆಟ್ಟಗಳೇ. ವರ್ಷಗಳಿಂದ ಅವನಿಗೆ ಮುಟ್ಟಲೆಂದು ದನಿ ಏರಿಸುತ್ತಾ ಹೋಗಿದ್ದು ಅವಳಿಗೇ ತಿಳಿದಿರಲಿಲ್ಲ. ಆ ಪಾಠವನ್ನು ಅಳಿಸಿ, ಮೆತ್ತಗಿನ ದನಿಯಲ್ಲಿ ಹೊಸದಾಗಿ ಶುರುಮಾಡಿದಳು.