ಅವ್ವನಿಗೆ ಹೇಳಬೇಕಿದ್ದ ಪಾಠ

ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ನಮ್ಮೂರು ಹೊಳಲಿನಲ್ಲಿ ಭೂಮಿ ಅಂದರೆ ಗದ್ದೆ. ಹೆಣ್ಣು ಕೊಡುವವರು "ಅವ್ರಿಗೆ ಭೂಮಿ ಎಷ್ಟದೆ?" ಅಂತ ಕೇಳುತ್ತಿದ್ದರು. ನಾಲೆಯಲ್ಲಿ ನೀರು ಬಿಟ್ಟರೆ ಅದು ಕೆಸರಾಗುತ್ತಿತ್ತು, ಬೇಸಿಗೆಯಲ್ಲಿ ಬಿರಿಯುತ್ತಿತ್ತು, ಅಣ್ಣತಮ್ಮಂದಿರು ಬೇರೆಯಾದರೆ ನಡುವೆ ಬದು ಏಳುತ್ತಿತ್ತು. ಅದು ತಾನಾಗಿ ಎಲ್ಲಿಗೋ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ಜಗಲಿ ಮೇಲೆ ಕೂತವರು ನಗುತ್ತಿದ್ದರು. ನಮ್ಮಪ್ಪ ಹೇಳಿದರು. ಜಗಲಿಯವರು ನಕ್ಕರು.

ಅಪ್ಪ ಮಂಡ್ಯದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ದಿನಾ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ಅವ್ವ ಏಳನೇ ಕ್ಲಾಸು ಪಾಸು ಮಾಡಿದ್ದಳು, ಮುಂದಕ್ಕೆ ಓದಿಸಲಿಲ್ಲ ಅನ್ನುವ ಕೊರಗು ಅವಳಿಗಿತ್ತು. ಸಂಜೆ ಅಪ್ಪ ಬಂದು ಕೈಕಾಲು ತೊಳೆದ ಮೇಲೆ ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಾ ಕೂತು, "ಇವತ್ತೇನ್ ಪಾಟ ಮಾಡುದ್ರಿ?" ಅಂತ ಕೇಳುತ್ತಿದ್ದಳು. ಅಪ್ಪ ಇಡೀ ಪಾಠವನ್ನು ಅವಳಿಗೆ ಮತ್ತೆ ಮಾಡುತ್ತಿದ್ದರು. ಗ್ರಹಣ, ಆವಿಯಂತ್ರ, ಎಲೆ ಹಸಿರಾಗಿರುವುದಕ್ಕೆ ಕಾರಣ, ಎಲ್ಲ. ಒಲೆಯಲ್ಲಿ ಹುರುಳಿಕಾಳು ಬೇಯುವ ವಾಸನೆ, ಗೂಟಕ್ಕೆ ಕಟ್ಟಿದ ಎಮ್ಮೆಯ ಉಸಿರು, ಅಪ್ಪನ ಮಾತು. ನಾನು ಮತ್ತು ತಂಗಿ ಗಿರಿಜ ಪಕ್ಕದಲ್ಲೇ ಕಲ್ಲಾಟ ಆಡುತ್ತಿದ್ದೆವು. ನಾನು ಆ ವರ್ಷ ಆರನೇ ಕ್ಲಾಸಿಗೆ ಹೋಗಲಿದ್ದವಳು. ಗಿರಿಜಳನ್ನು ಇನ್ನೂ ಸ್ಕೂಲಿಗೆ ಸೇರಿಸಿರಲಿಲ್ಲ.

ಆ ಬೇಸಿಗೆ ರಜೆಯಲ್ಲಿ ಅಪ್ಪನಿಗೆ ಮೈಸೂರಿನಲ್ಲಿ ಮೇಷ್ಟ್ರುಗಳ ತರಬೇತಿ ಬಂತು. ಹೊರಡುವ ದಿನ ಅವ್ವ ಬುತ್ತಿ ಕಟ್ಟಿಕೊಡುತ್ತಾ, "ಅಲ್ಲಿ ಏಳ್ಕೊಡೋದ್ರಲ್ಲಿ ಒಂದೂ ಮರೀಬ್ಯಾಡಿ. ಬಂದು ನಂಗೆ ಏಳ್ಬೇಕು" ಅಂದಳು.

"ಹೇಳ್ದೆ ಇನ್ನೇನು? ನಿಂಗಲ್ದೆ ಇನ್ಯಾರಿಗೆ ಹೇಳ್ಲಿ?" ಅಂದರು ಅಪ್ಪ.

ಅವರು ಹೋದ ಕೆಲವು ದಿನಕ್ಕೆ ಅವ್ವನಿಗೆ ಜ್ವರ ಬಂತು. ಆಮೇಲೆ ಕಣ್ಣು ಹಳದಿಯಾಯಿತು. ಕಾಮಾಲೆ ಅಂದರು, ಸೊಪ್ಪಿನ ರಸ ಕುಡಿಸಿದರು. ಮೈಸೂರಿಗೆ ಹೋಗುವವರೊಬ್ಬರ ಹತ್ತಿರ ಅಪ್ಪನಿಗೆ ಸುದ್ದಿ ಕಳಿಸಿದರು. ಆಗ ಅವ್ವನೇ, "ಜರ ಅಂತಷ್ಟೇ ಏಳಿ. ಪಾಟ ಬುಟ್ಟು ಓಡ್ಬಂದ್ಬುಟ್ಟಾರು" ಅಂದಿದ್ದಳು. ಹಾಗಾಗಿ ಅಪ್ಪ ಬರಲಿಲ್ಲ. ಅವ್ವನಿಗೆ ಎಚ್ಚರ ತಪ್ಪಿದ ಮೇಲೆ ಗಾಡಿ ಕಟ್ಟಿ ಮಂಡ್ಯದ ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಬೆಳಗಿನ ಹೊತ್ತು ತೀರಿಕೊಂಡಳು. ಮತ್ತೆ ಸುದ್ದಿ ಮುಟ್ಟಿ ಅಪ್ಪ ಮಧ್ಯಾಹ್ನದ ಬಸ್ಸಿಗೆ ಬಂದಿಳಿದಾಗ ಅವ್ವನನ್ನು ಮನೆ ಮುಂದೆ ಚಾಪೆ ಮೇಲೆ ಮಲಗಿಸಿದ್ದರು.

ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಊದುಬತ್ತಿಯ ಹೊಗೆ ನೇರ ನನ್ನ ಮೊಕಕ್ಕೇ ಬರುತ್ತಿತ್ತು. ಕಣ್ಣು ಉರಿಯಿತು, ಆದರೆ ನೀರು ಬರಲಿಲ್ಲ. ಯಾರೋ ಹೆಂಗಸು, "ದೊಡ್ಡ ಮಗಳು ಅಳ್ನೇ ಇಲ್ಲ ನೋಡ್ರಮ್ಮ" ಅಂದರು. ಇನ್ಯಾರೋ ನನ್ನ ಬೆನ್ನಿಗೆ ಗುದ್ದಿ, "ಅಳವ್ವ, ಅತ್ಬುಡು" ಅಂದರು. ಗುದ್ದು ಬಿದ್ದದ್ದು ಗೊತ್ತಾಯಿತು. ನೋವಾಗಲಿಲ್ಲ.

ಮಳವಳ್ಳಿ ಕಡೆಯಿಂದ ಅಜ್ಜಿ, ಅಂದರೆ ಅವ್ವನ ಅವ್ವ, ಬಂದಿದ್ದರು. ಅಪ್ಪನನ್ನು ನೋಡಿದ್ದೇ, "ಏನ್ ಕಲೀತಿದ್ದಪ್ಪ ಅಲ್ಲಿ, ನನ್ ಮಗಳು ಇಲ್ಲಿ ಸಾಯ್ತಿದ್ರೆ?" ಅಂತ ಕೇಳಿದರು.

ಪ್ರಶ್ನೆ ಕೇಳಿದರೆ ಉತ್ತರ ಹೇಳಿಬಿಡುವ ಮೇಷ್ಟ್ರ ಅಭ್ಯಾಸವೋ ಏನೋ, ಅಪ್ಪ "ಭೂಮಿ ಚಲಿಸುತ್ತೆ ಅಂತ, ಅತ್ತೆ" ಅಂದುಬಿಟ್ಟರು. ಅಜ್ಜಿ ಬಾಯಿ ಬಾಯಿ ಬಡಿದುಕೊಂಡರು. ಆ ಮಾತನ್ನು ಊರೆಲ್ಲ ಆಡಿಕೊಂಡಿತು.

ಆಮೇಲಿನ ದಿನಗಳು ನನಗೆ ಬಣ್ಣವಿಲ್ಲದೆ ನೆನಪಿವೆ. ಎದ್ದೆ, ನೀರು ಸೇದಿದೆ, ಗಿರಿಜಳಿಗೆ ಜಡೆ ಹಾಕಿದೆ, ಸ್ಕೂಲಿಗೆ ಹೋದೆ. ಊರಲ್ಲೇ ಇದ್ದ ದೊಡ್ಡಮ್ಮನ ಮನೆಯಿಂದ ಮುದ್ದೆ, ಉಪ್ಸಾರು ಬರುತ್ತಿತ್ತು. ಉಪ್ಸಾರಿನ ಖಾರಕ್ಕೆ ಗಿರಿಜ ಬಾಯಿ ಬಿಟ್ಟುಕೊಂಡು ಹಾ ಹಾ ಅನ್ನುತ್ತಿದ್ದಳು. ನನ್ನ ನಾಲಿಗೆಗೆ ಅದೂ ಒಂದೇ, ನೀರೂ ಒಂದೇ. ಗೆಳತಿಯರು ಕುಂಟೆಬಿಲ್ಲೆಗೆ ಕರೆದರೆ ಹೋಗುತ್ತಿದ್ದೆ. ಗೆದ್ದರೆ ಗೆದ್ದೆ ಅನ್ನುತ್ತಿದ್ದರು, ಮನೆಗೆ ಬರುತ್ತಿದ್ದೆ.

ಅಪ್ಪ ಸಂಜೆ ಬಂದು ಕೈಕಾಲು ತೊಳೆದು ಸುಮ್ಮನೆ ಕೂರುತ್ತಿದ್ದರು. ಒಂದು ಸಂಜೆ ಜೇಬಿನಿಂದ ಸೀಮೆಸುಣ್ಣ ತೆಗೆದು ನಡುಮನೆಯ ನೆಲದ ಮೇಲೆ ಒಂದು ದೊಡ್ಡ ದುಂಡು ಬರೆದರು. ನಮ್ಮಿಬ್ಬರನ್ನೂ ಕರೆದು ಕೂರಿಸಿಕೊಂಡು, "ನಿಮ್ಮವ್ವಂಗೆ ಹೇಳ್ಬೇಕಾಗಿತ್ತು. ನೀವು ಕೇಳ್ಕಳಿ" ಅಂದರು.

ಭೂಮಿಯ ಮೇಲಿನ ಗಟ್ಟಿ ಚಿಪ್ಪು ಒಂದೇ ತುಂಡಲ್ಲ, ಒಡೆದ ಮಡಕೆಯ ಹಾಗೆ ಹಲವು ತುಂಡು. ಮುಖ್ಯವಾದ ಒಂದೊಂದು ತುಂಡೂ ನಮ್ಮ ದೇಶಕ್ಕಿಂತ ದೊಡ್ಡದು, ಸಮುದ್ರದ ತಳವೂ ಅದರಲ್ಲೇ ಸೇರಿದೆ. ಅದಕ್ಕೆ ಪ್ಲೇಟು ಅನ್ನುತ್ತಾರೆ ಅಂದರು. ಗಿರಿಜ ಮುದ್ದೆಯ ತಟ್ಟೆ ಕಡೆ ನೋಡಿದಳು. "ಅಂಥ ತಟ್ಟೆ ಅಲ್ಲ ಕಣವ್ವ, ಹಲಗೆ ಅನ್ಕೋ" ಅಂದರು ಅಪ್ಪ. ಆ ಹಲಗೆಗಳೆಲ್ಲ ಕದಲುತ್ತಲೇ ಇರುತ್ತವೆ.

"ಈಗ್ಲೂವಾ?" ನಾನು ಕೇಳಿದೆ.

"ಈಗ್ಲೂನೂವೆ. ನಿನ್ ಉಗುರು ಬೆಳೀತದಲ್ಲ, ಅಷ್ಟು ನಿಧಾನ. ಅದಕ್ಕೇ ಯಾರಿಗೂ ಗೊತ್ತಾಗಲ್ಲ."

ನಾನು ನನ್ನ ಉಗುರು ನೋಡಿಕೊಂಡೆ. ಅವ್ವ ಭಾನುವಾರ ಕತ್ತರಿಸುತ್ತಿದ್ದಳು. ಉದ್ದವಾಗಿದ್ದವು, ಕೊಳೆ ತುಂಬಿತ್ತು. ಅಪ್ಪನೂ ನೋಡಿದರು, ಪಾಠ ಅಲ್ಲಿಗೇ ನಿಲ್ಲಿಸಿ ಬ್ಲೇಡು ತಂದು ನಮ್ಮಿಬ್ಬರ ಉಗುರೂ ತೆಗೆದರು. ಅವರಿಗೆ ಅಭ್ಯಾಸವಿರಲಿಲ್ಲ. ನನ್ನ ಹೆಬ್ಬೆರಳಲ್ಲಿ ರಕ್ತ ಬಂತು. ನಾನು ಬೆರಳು ಮಡಚಿಕೊಂಡೆ.

ಹೀಗೆ ಸಂಜೆ ಸಂಜೆ ಪಾಠ ನಡೆಯಿತು. ಎರಡು ಹಲಗೆ ದೂರ ಸರಿದ ಕಡೆ, ಸಮುದ್ರದ ತಳದಲ್ಲಿ, ಕೆಳಗಿಂದ ಕರಗಿದ ಕಲ್ಲು ಉಕ್ಕಿ ಬಂದು ಹೊಸ ನೆಲವಾಗುತ್ತದೆ. ಎರಡು ಎದುರಾದ ಕಡೆ ಒಂದು ಇನ್ನೊಂದರ ಅಡಿಗೆ ನುಗ್ಗುತ್ತದೆ, ಇಲ್ಲವೆ ಎರಡೂ ಮಡಚಿಕೊಂಡು ಬೆಟ್ಟವಾಗಿ ಏಳುತ್ತವೆ. ಒಂದಕ್ಕೊಂದು ಉಜ್ಜಿಕೊಂಡು ಹೋಗುವ ಕಡೆ ಅಂಚು ಸಿಕ್ಕಿಹಾಕಿಕೊಳ್ಳುತ್ತದೆ, ಬಹಳ ಕಾಲ ತಡೆದು ಒಮ್ಮೆಗೇ ಜಾರಿದಾಗ ನೆಲ ನಡುಗುತ್ತದೆ. ನಮ್ಮ ದೇಶ ಒಂದು ಕಾಲಕ್ಕೆ ದಕ್ಷಿಣದಲ್ಲಿ, ಆಫ್ರಿಕಕ್ಕೆ ಅಂಟಿಕೊಂಡು ಇತ್ತಂತೆ. ಅಲ್ಲಿಂದ ಕಿತ್ತುಕೊಂಡು ಉತ್ತರಕ್ಕೆ ಬಂದು ಏಷ್ಯಕ್ಕೆ ಗುದ್ದಿತಂತೆ. ಆ ಗುದ್ದಿಗೆ ಎದ್ದದ್ದೇ ಹಿಮಾಲಯ, ಅದರ ಮೇಲೆ ಸಮುದ್ರದ ಕಪ್ಪೆಚಿಪ್ಪುಗಳು ಸಿಗುತ್ತವೆ ಅಂದರು. ಅಪ್ಪ ಹೇಳುತ್ತಿದ್ದದ್ದು ನಮಗೆ, ನೋಡುತ್ತಿದ್ದದ್ದು ಮೊರ ನೇತುಹಾಕಿದ್ದ ಗೋಡೆಯನ್ನು.

ಚಳಿ ಶುರುವಾಗಿ ಕಬ್ಬು ಕಡಿಯುವ ಹೊತ್ತಿಗೆ ಅಜ್ಜಿ ಹೇಳಿಕಳಿಸಿದರು. ಗಿರಿಜಳನ್ನು ಕರೆದುಕೊಂಡು ಹೋಗಲು ಬರುತ್ತೇನೆ, ಸೋದರಮಾವನಿಗೆ ಮಕ್ಕಳಿಲ್ಲ, ಅಲ್ಲಿ ಬೆಳೆಯಲಿ, ದೊಡ್ಡವಳು ಮನೆಗೆಲಸ ಮಾಡಿಕೊಂಡು ಅಪ್ಪನ ಜೊತೆ ಇರಲಿ ಅಂತ. ಅಪ್ಪ ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ.

ಅಜ್ಜಿ ಬರುವ ಹಿಂದಿನ ದಿನ ಅಪ್ಪ ನಮ್ಮಿಬ್ಬರನ್ನೂ ಆಲೆಮನೆಗೆ ಕರೆದುಕೊಂಡು ಹೋದರು. ಗಾಣದ ಪಕ್ಕದಲ್ಲಿ ಕಬ್ಬಿನ ಸಿಪ್ಪೆಯ ಗುಡ್ಡೆ, ಒಲೆಯ ಬೆಂಕಿ, ಕೊಪ್ಪರಿಗೆಯಿಂದ ಏಳುವ ಸಿಹಿ ಹಬೆ. ಬೇರೆ ವರ್ಷವಾಗಿದ್ದರೆ ಆ ವಾಸನೆಗೇ ಬಾಯಲ್ಲಿ ನೀರೂರುತ್ತಿತ್ತು.

"ನೋಡ್ರವ್ವ" ಅಂತ ಅಪ್ಪ ಕೊಪ್ಪರಿಗೆ ತೋರಿಸಿದರು. ಬಿಸಿಯಾದ ಕಬ್ಬಿನ ಹಾಲು ನಡುವೆ ಮೇಲಕ್ಕೆ ಉಕ್ಕಿ, ಅಂಚಿನ ಕಡೆ ಸರಿದು, ಅಲ್ಲಿ ತಣಿದು ಕೆಳಗಿಳಿಯುತ್ತಿತ್ತು. ಮೇಲಿನ ಕೊಳೆ ನೊರೆ ತುಂಡು ತುಂಡಾಗಿ ಅದರ ಜೊತೆ ಸಾಗಿ, ಒಂದಕ್ಕೊಂದು ತಾಗಿ ಸುಕ್ಕುಗಟ್ಟುತ್ತಿತ್ತು. "ಭೂಮಿ ಒಳಗೂ ಹಿಂಗೇ ಕಾವು ಅದೆ. ಆದ್ರೆ ಅಲ್ಲಿರೋದು ಹಿಂಗೆ ನೀರಲ್ಲ, ಬಂಡೆ. ಕಾವಿಗೆ ಮೆತ್ತಗಾಗಿ ಬಹಳ ನಿಧಾನಕ್ಕೆ ಹರೀತದೆ."

ಆಲೆಮನೆಯ ಕರಿಯಣ್ಣ, "ಮಕ್ಳ ಇತ್ಲಾಗ್ ಕರ್ಕಳಿ ಮೇಷ್ಟ್ರೆ, ಸಿಡೀತದೆ" ಅಂತ ಹೇಳಿ ಜಾಲರಿಯಿಂದ ನೊರೆ ಬಾಚಿ ಹೊರಗೆ ಚೆಲ್ಲಿದ.

ಗಿರಿಜ ಅಪ್ಪನ ಪಂಚೆ ಹಿಡಿದುಕೊಂಡು, "ಅಪ್ಪ, ನಾನೋದ್ರೆ ವಾಪಸ್ ಬರಾಕಾಯ್ತದಾ?" ಅಂತ ಕೇಳಿದಳು. ಅಪ್ಪ ಅವಳನ್ನು ಎತ್ತಿಕೊಂಡರು. ಕರಿಯಣ್ಣ ನಮ್ಮಿಬ್ಬರ ಕೈಗೂ ಬಾಳೆಲೆ ತುಂಡಿನಲ್ಲಿ ಬಿಸಿ ಬೆಲ್ಲ ಇಟ್ಟ. ಗಿರಿಜ ಊದಿ ಊದಿ ತಿಂದಳು. ನಾನು ನನ್ನದನ್ನೂ ಅವಳಿಗೇ ಕೊಟ್ಟೆ.

ಮಾರನೇ ದಿನ ಅಜ್ಜಿ ಬಂದರು. ಜಗಲಿ ಮೇಲೆ ಕೂತು ನೀರು ಕುಡಿದು, ಎಲೆಅಡಿಕೆ ಚೀಲ ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಜಗಳದ ದನಿಯಿಲ್ಲದೆ, "ಅಳಿಮಯ್ಯ, ಅವತ್ತು ಏನೋ ಅಂದ್ಯಲ್ಲ. ಅದೇನ್ ಏಳು, ಕೇಳವ" ಅಂದರು.

ಅಪ್ಪ ಹೇಳಿದರು. ನಮಗೆ ಅಷ್ಟು ದಿನ ಹೇಳಿದ್ದನ್ನೆಲ್ಲ, ಸೀಮೆಸುಣ್ಣವಿಲ್ಲದೆ, ತಲೆ ತಗ್ಗಿಸಿಕೊಂಡು ಹೇಳಿದರು. ಅಜ್ಜಿ ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಮುಗಿದ ಮೇಲೆ, "ಅದು ನಿಲ್ಲಾದು ಯಾವಾಗ?" ಅಂತ ಕೇಳಿದರು.

"ನಿಲ್ಲಲ್ಲ ಅತ್ತೆ. ನಮ್ ಕಾಲಕ್ಕಂತೂ ನಿಲ್ಲಲ್ಲ."

"ಅವ್ಳಿಗೆ ಇದ ಕೇಳಾಕ್ ಇಷ್ಟ ಆಗ್ತಿತ್ತು" ಅಂದರು ಅಜ್ಜಿ. ಸೆರಗಿನಿಂದ ಮೊಕ ಮುಚ್ಚಿಕೊಂಡರು. ಅಪ್ಪ ಬಿಕ್ಕಿ ಬಿಕ್ಕಿ ಅತ್ತರು. ಅವ್ವ ಸತ್ತ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಇಬ್ಬರೂ ಅಳುತ್ತಿರುವುದನ್ನು ಬಾಗಿಲ ಹತ್ತಿರ ನಿಂತು ನೋಡಿದೆ. ಅಜ್ಜಿಯ ಮನಸ್ಸು ಕರಗಿತು, ಇನ್ನು ಗಿರಿಜಳನ್ನು ಬಿಟ್ಟು ಹೋಗುತ್ತಾರೆ ಅಂದುಕೊಂಡೆ. ಹಾಗೆ ಅಂದುಕೊಂಡಾಗಲೂ ಖುಷಿಯಾಗಲಿಲ್ಲ.

ಅಜ್ಜಿ ಕಣ್ಣೊರೆಸಿಕೊಂಡು ಎದ್ದು, "ಒತ್ತಾಯ್ತು. ಮಗೀಗ್ ಬಟ್ಟೆ ತುಂಬವ್ವ" ಅಂತ ನನಗೆ ಹೇಳಿದರು.

ನಾನು ತುಂಬಿದೆ. ಮಂಡ್ಯದ ಬಸ್‌ಸ್ಟಾಂಡಿನಲ್ಲಿ ಮಳವಳ್ಳಿ ಬಸ್ಸು ಹತ್ತಿಸುವಾಗ ಅಜ್ಜಿ, "ರಜಕ್ಕೆ ಕಳಿಸ್ತೀನಿ ಕಣಪ್ಪ" ಅಂದರು. ಗಿರಿಜ ಕಿಟಕಿಯಿಂದ ಅಕ್ಕ ಅಂತ ಕೂಗಿದಳು. ಬಸ್ಸು ಹೋದ ಮೇಲೆ ಅಪ್ಪ ಸೈಕಲ್ ತಳ್ಳಿಕೊಂಡು ನಡೆದರು. ಕ್ಯಾರಿಯರ್ ಖಾಲಿ ಇದ್ದರೂ ನನ್ನನ್ನು ಕೂರಿಸಿಕೊಳ್ಳಬೇಕು ಅಂತ ಅವರಿಗೆ ಹೊಳೆಯಲಿಲ್ಲ, ನನಗೆ ಕೇಳಬೇಕು ಅನ್ನಿಸಲಿಲ್ಲ. ಹೊಳಲಿನ ತನಕ ನಡೆದೇ ಬಂದೆವು.

ಅಜ್ಜಿ ಮಾತಿಗೆ ತಪ್ಪಲಿಲ್ಲ, ಗಿರಿಜ ರಜೆಗೆ ಬರುತ್ತಿದ್ದಳು. ಎರಡನೇ ವರ್ಷ ಬಂದಾಗ ಮಾವನ ಹೆಂಡತಿಯನ್ನು ಅವ್ವ ಅನ್ನುತ್ತಿದ್ದಳು. ಮೂರನೇ ವರ್ಷ, "ನಮ್ಮನೆಗೆ ಯಾವಾಗ ಓಗದು?" ಅಂತ ಅಪ್ಪನನ್ನೇ ಕೇಳಿದಳು. ಅಪ್ಪ ರಜೆ ಮುಗಿಯುವ ಮೊದಲೇ ಕರೆದುಕೊಂಡು ಹೋಗಿ ಬಿಟ್ಟು ಬಂದರು. ಅಪ್ಪನ ಕ್ಲಾಸಿನ ಪುಸ್ತಕದಲ್ಲಿ ಹಲಗೆಗಳ ಪಾಠ ಬರುವ ಹೊತ್ತಿಗೆ ಅವರ ಸರ್ವೀಸು ಮುಗಿಯುತ್ತಾ ಬಂದಿತ್ತು. ಈಗ ಅವರೂ ಇಲ್ಲ.

ಹೋದ ವರ್ಷ ಮದ್ದೂರಿನಲ್ಲಿ ನೆಂಟರ ಮದುವೆ. ಛತ್ರದ ಕುರ್ಚಿಗಳಲ್ಲಿ ನಾನೂ ಗಿರಿಜಳೂ ಅಕ್ಕಪಕ್ಕ ಕೂತಿದ್ದೆವು. ಇಬ್ಬರಿಗೂ ತಲೆ ನೆರೆತಿದೆ. ಸಕ್ಕರೆ ಕಾಯಿಲೆ, ಸೊಸೆಯರು, ಬಸ್ಸಿನ ರಷ್ಷು ಎಲ್ಲ ಮಾತಾಡಿದ ಮೇಲೆ ಅವಳು ಇದ್ದಕ್ಕಿದ್ದ ಹಾಗೆ, "ಅಕ್ಕ, ಅವ್ವನ ದನಿ ಹೆಂಗಿತ್ತು? ನಂಗೆ ಒಂಚೂರೂ ನೆಪ್ಪಿಲ್ಲ" ಅಂದಳು.

ಹೇಳಲು ಬಾಯಿ ತೆರೆದೆ. ಆ ವರ್ಷ ಅಪ್ಪ ಹೇಳಿದ ಪಾಠವೆಲ್ಲ ನನಗೆ ಅವರ ದನಿಯಲ್ಲೇ ನೆನಪಿದೆ, ಎಲ್ಲಿ ಕೆಮ್ಮಿದರು ಅನ್ನುವುದೂ ನೆನಪಿದೆ. ಅವ್ವ ಆಡಿದ ಮಾತುಗಳೂ ಗೊತ್ತು. ಆದರೆ ದನಿ ತಗ್ಗಿನದೋ ಏರಿನದೋ, ಒಡಕೋ ನಯವೋ, ಎಷ್ಟು ಹುಡುಕಿದರೂ ಸಿಗಲಿಲ್ಲ.

"ಗೊತ್ತಿಲ್ಲ ಕಣೆ" ಅಂದೆ.

ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ಊಟಕ್ಕೆ ಕರೆದರು. ನೂಕುನುಗ್ಗಲಿನಲ್ಲಿ ಇಬ್ಬರಿಗೂ ಬೇರೆ ಬೇರೆ ಪಂಕ್ತಿಯಲ್ಲಿ ಜಾಗ ಸಿಕ್ಕಿತು. ಕೂತು ಊಟ ಮಾಡಿದೆವು.