ನಶ್ಯದ ಡಬ್ಬಿಯ ಮುಚ್ಚಳ

ನನಗೆ ಒಂದೇ ಕಣ್ಣು ಮುಚ್ಚಲು ಬರುವುದಿಲ್ಲ. ಒಂದನ್ನು ಮುಚ್ಚಿದರೆ ಅಣ್ಣನ ಹಿಂದೆ ತಮ್ಮ ಓಡಿಬಂದಂತೆ ಇನ್ನೊಂದೂ ಮುಚ್ಚಿಕೊಳ್ಳುತ್ತದೆ. ಇದರಿಂದ ಸಾಮಾನ್ಯ ಮನುಷ್ಯನಿಗೆ ಯಾವ ನಷ್ಟವೂ ಇಲ್ಲ. ನಾನಂತೂ ತುಮಕೂರಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರು. ಕಣ್ಣು ಹೊಡೆಯಬೇಕಾದ ಪ್ರಸಂಗ ನನ್ನ ಜೀವನದಲ್ಲಿ ಬಂದೇ ಇಲ್ಲ. ಆದರೆ ದೇವರು ಹುಡುಕಿ ಹುಡುಕಿ ಇಂಥವನಿಗೇ ಕ್ಯಾಮೆರಾದ ಹುಚ್ಚು ಹಿಡಿಸಿದ. ಕೊನೆಗೆ ನನ್ನ ಹಳೆಯ ಕನ್ನಡಕವೊಂದರ ಎಡಗಾಜಿಗೆ ಕಂದು ಕಾಗದ ಅಂಟಿಸಿಕೊಂಡೆ. ಅದನ್ನು ಹಾಕಿಕೊಂಡು ಫೋಟೋ ತೆಗೆಯಲು ನಿಂತರೆ, ತೆಗೆಸಿಕೊಳ್ಳುವವರಿಗೆ ‘ಸ್ವಲ್ಪ ನಗಿ’ ಎಂದು ಬೇರೆ ಹೇಳಬೇಕಾಗುತ್ತಿರಲಿಲ್ಲ.

ಕ್ಯಾಮೆರಾ ಕೊಂಡದ್ದು ಐವತ್ತರ ದಶಕದ ಕೊನೆಯಲ್ಲಿ, ನಮ್ಮ ಬೀದಿಯಲ್ಲೇ ಇದ್ದ ನಿವೃತ್ತ ಇಂಜಿನಿಯರೊಬ್ಬರಿಂದ. ಯುದ್ಧಕ್ಕೆ ಮೊದಲು ಜರ್ಮನಿಯಲ್ಲಿ ತಯಾರಾದದ್ದು. ಕೈಗೆ ತೆಗೆದುಕೊಂಡರೆ ಪುಟ್ಟ ಇಟ್ಟಿಗೆಯಷ್ಟು ಭಾರ, ಚರ್ಮದ ಚೀಲದಿಂದ ಹೊಸ ಚಪ್ಪಲಿಯ ವಾಸನೆ. ಲೆನ್ಸಿಗೆ ಮುಚ್ಚಳವಿರಲಿಲ್ಲ, ಎಲ್ಲೋ ಕಳೆದುಹೋಗಿತ್ತಂತೆ. ಆ ಕಳೆದ ಮುಚ್ಚಳವನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನು ನೆನಪಿಟ್ಟುಕೊಳ್ಳದೆ ಪಟ್ಟ ಪಾಡೇ ಈ ಕಥೆ.

ಈ ಜಾತಿಯ ಕ್ಯಾಮೆರಾಕ್ಕೆ ರೇಂಜ್‌ಫೈಂಡರ್ ಎನ್ನುತ್ತಾರೆ. ಮುಂದೆ ಲೆನ್ಸು ತನ್ನ ಪಾಡಿಗೆ ತಾನಿರುತ್ತದೆ. ನಾವು ನೋಡುವುದು ಅದರ ಮೂಲಕವಲ್ಲ, ಮೇಲಿನ ಮೂಲೆಯಲ್ಲಿರುವ ಬೇರೊಂದು ಕಿಟಕಿಯಿಂದ. ಆ ಕಿಟಕಿಯಲ್ಲಿ ಎದುರು ಕೂತ ಮನುಷ್ಯ ಇಬ್ಬರಾಗಿ ಕಾಣುತ್ತಾನೆ: ಒಬ್ಬ ಗಟ್ಟಿ, ಇನ್ನೊಬ್ಬ ತೆಳ್ಳಗೆ ನೆರಳಿನಂತೆ. ಲೆನ್ಸಿನ ಬಳೆ ತಿರುಗಿಸುತ್ತ ಹೋದರೆ ನೆರಳು ಮೆಲ್ಲಗೆ ಸರಿದು ಗಟ್ಟಿಯವನೊಳಗೆ ಸೇರಿಕೊಳ್ಳುತ್ತದೆ. ಇಬ್ಬರೂ ಒಬ್ಬರಾದ ಕ್ಷಣ ಗುಂಡಿ ಒತ್ತಬೇಕು. ಮೊದಲ ಸಲ ಹಾಗೆ ಸೇರಿದ್ದನ್ನು ಕಂಡಾಗ ನನಗೆ ನಿಜವಾಗಿಯೂ ಮೈ ಜುಮ್ಮೆಂದಿತು. ಹೆಂಡತಿ ಮಂಗಳ ಮಾತ್ರ, "ಅಷ್ಟೊತ್ತು ತಿರುಗ್ಸೋದ್ರೊಳ್ಗೆ ನಾನು ಒಂದು ಸೇರು ರಾಗಿ ಬೀಸ್ತೀನಿ" ಅಂದಳು.

ಒಂದು ವರ್ಷ ಕಳೆಯುವುದರಲ್ಲಿ ಕಿಟಕಿಗೂ ಲೆನ್ಸಿಗೂ ಮನಸ್ತಾಪ ಬಂತು. ಕಿಟಕಿಯಲ್ಲಿ ಒಂದಾದಂತೆ ಕಂಡರೂ ಫೋಟೋದಲ್ಲಿ ಮುಖ ಮಸುಕು, ಹಿಂದಿನ ಗೋಡೆ ಸ್ಪಷ್ಟ. ಗೂಳೂರಿನ ಸಹೋದ್ಯೋಗಿಯೊಬ್ಬರ ಫೋಟೋ ತೆಗೆದರೆ ಅವರ ಮೀಸೆ ಹೊಗೆಯಂತೆಯೂ ಅವರ ಮನೆಯ ಗೋಡೆಯಲ್ಲಿ ಉದುರಿದ ಸುಣ್ಣ ಭೂಪಟದಂತೆಯೂ ಬಂದವು. ಅವರು ಮಾರನೇ ವಾರವೇ ಸುಣ್ಣ ಹೊಡೆಸಿದರು. ಕಲೆಯಿಂದ ಸಮಾಜಕ್ಕೆ ಉಪಯೋಗವಿಲ್ಲ ಎನ್ನುವವರು ಇದನ್ನು ಗಮನಿಸಬೇಕು.

ರಿಪೇರಿಗೆ ಸಿಕ್ಕವರು ಗುಬ್ಬಿಯ ಗಡಿಯಾರದ ರಸೂಲ್ ಸಾಬರು. ಸ್ಟೇಷನ್ ರಸ್ತೆಯಲ್ಲಿ ಅವರದೊಂದು ಗೂಡಿನಂಥ ಅಂಗಡಿ. ಕ್ಯಾಮೆರಾ ಬಿಚ್ಚಿದ್ದು ಅದೇ ಮೊದಲಾದರೂ ಅವರು ಸ್ವಲ್ಪವೂ ಹೆದರಲಿಲ್ಲ. ಬಿಚ್ಚಿದ ಒಂದೊಂದು ತಿರುಪನ್ನೂ ತಟ್ಟೆಯಲ್ಲಿ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಟ್ಟುಕೊಂಡು, ಒಳಗಿನ ಪುಟ್ಟ ಕನ್ನಡಿ ಸಡಿಲವಾಗಿದೆ ಎಂದು ತೋರಿಸಿದರು. ಅದನ್ನು ಸರಿಹೊಂದಿಸಲು ಲೆನ್ಸಿನ ಬಳೆಯನ್ನು ಕೊನೆಯ ಗುರುತಿಗೆ, ಅಂದರೆ ಮಲಗಿಸಿಟ್ಟ ಇಂಗ್ಲಿಷ್ ಎಂಟರಂಥ ಗುರುತಿಗೆ, ತಿರುಗಿಸಿಟ್ಟು ತುಂಬಾ ದೂರದ ವಸ್ತುವೊಂದನ್ನು ನೋಡಬೇಕು. "ಇದೇನು ಗುರುತು ಮೇಷ್ಟ್ರೇ?" ಅಂದರು. ನಾನು ಅನಂತ ಎಂದರೇನು, ಸಮಾನಾಂತರ ಕಿರಣಗಳು ಎಂದರೇನು ಎಂದು ಒಂದು ಪೀರಿಯಡ್ಡಿನಷ್ಟು ಪಾಠ ಮಾಡಿದೆ. ಸಾಬರು ಸಾವಧಾನವಾಗಿ ಕೇಳಿ, "ಇಲ್ಲಿಂದ ಸ್ಟೇಷನ್ ಸಿಗ್ನಲ್ ಕಾಣ್ತದೆ. ಅನಂತಕ್ಕೆ ಅಷ್ಟು ಸಾಕಾ?" ಅಂದರು. ಸಾಕಾಯಿತು. ದೊಡ್ಡ ದೊಡ್ಡ ವೇದಾಂತಿಗಳು ಜನ್ಮವಿಡೀ ಅರಸಿದ್ದು ನನಗೆ ಗುಬ್ಬಿಯಲ್ಲಿ, ಅರಸೀಕೆರೆ ಕಡೆಯ ಗಾಡಿಗೆ ಕೈ ಇಳಿಸಿ ನಿಂತ ಕಂಬದ ಮೇಲೆ ಸಿಕ್ಕಿತು.

ಹೊರಡುವಾಗ ಸಾಬರು ಪ್ರೀತಿಯಿಂದ ಇನ್ನೊಂದು ಕೆಲಸವನ್ನೂ ಮಾಡಿಕೊಟ್ಟರು. ತಮ್ಮ ನಶ್ಯದ ತಗಡಿನ ಡಬ್ಬಿಯ ಮುಚ್ಚಳಕ್ಕೆ ಕಪ್ಪು ಬಣ್ಣ ಬಳಿದು, ಒಳಗೆ ಮಖಮಲ್ಲಿನ ತುಂಡು ಅಂಟಿಸಿ ಲೆನ್ಸಿಗೆ ಒತ್ತಿದರು. ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. "ಧೂಳು ಬೀಳಲ್ಲ ನೋಡಿ" ಅಂದರು. ನನ್ನ ಕಷ್ಟಕಾಲ ಆ ಗಳಿಗೆಯಿಂದ ಶುರುವಾಯಿತು.

ಆಗ ಕುಣಿಗಲ್ಲಿನ ಮಾವನ ಮನೆಯಿಂದ ಕಾಗದ ಬಂದಿತ್ತು. ಮಂಗಳನ ತಂಗಿ ಗಿರಿಜೆಗೆ ಒಂದು ಸಂಬಂಧ ಬಂದಿದೆ, ಹುಡುಗನ ಕಡೆಯವರು ಫೋಟೋ ಕೇಳಿದ್ದಾರೆ, ಆಷಾಢ ಬರುವುದರೊಳಗೆ ಕಳಿಸಬೇಕು ಎಂದು. ಸ್ಟುಡಿಯೋಕ್ಕೆ ಕರೆದುಕೊಂಡು ಹೋಗಲು ಮಾವ ಸುತರಾಂ ಒಪ್ಪಲಿಲ್ಲ. ಚೆನ್ನಾಗಿ ಬಂದ ಫೋಟೋವನ್ನು ಸ್ಟುಡಿಯೋದವರು ದೊಡ್ಡದು ಮಾಡಿ ಬೀದಿಗೆ ಕಾಣುವ ಗಾಜಿನ ಬೀರುವಿನಲ್ಲಿ ತೂಗುಹಾಕುವ ಕಾಲ ಅದು. ಮನೆಮಗಳು ಅಲ್ಲಿ ತೂಗಾಡುವುದೆಂದರೇನು? ‘ಅಳಿಯಂದಿರು ಕ್ಯಾಮೆರಾ ಸಮೇತ ಬರತಕ್ಕದ್ದು’ ಎಂದು ಬರೆದಿದ್ದರು. ಮದುವೆಯಾದ ನಾಲ್ಕು ವರ್ಷದಲ್ಲಿ ನನ್ನಿಂದ ಮಾವನಿಗೆ ಏನಾದರೂ ಪ್ರಯೋಜನವಿದೆ ಎಂದು ಅವರಿಗೆ ಅನ್ನಿಸಿದ್ದು ಅದೇ ಮೊದಲು.

ಹುಡುಗನನ್ನು ಯಾರೂ ನೋಡಿರಲಿಲ್ಲ. ಅವನ ವಿಷಯ ಕೇಳಿದರೆ ಮಾವ ಅವನ ಎರಡು ಲಾರಿಗಳ ವಿಷಯ ಹೇಳುತ್ತಿದ್ದರು. ಗಿರಿಜೆ ಏನನ್ನುತ್ತಾಳೆ ಎಂದು ಕೇಳುವುದು ನಮಗೆ ಯಾರಿಗೂ ಹೊಳೆಯಲಿಲ್ಲ. ಈ ‘ಯಾರಿಗೂ’ ಎಂಬುದರಲ್ಲಿ ನಾನೂ ಇದ್ದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಹಿತ್ತಿಲಲ್ಲಿ ಬಿಳಿ ಪಂಚೆ ಕಟ್ಟಿ, ಅದರ ಮುಂದೆ ಕುರ್ಚಿ ಹಾಕಿ ಗಿರಿಜೆಯನ್ನು ಕೂರಿಸಿದರು. ಮಾವ, ಅತ್ತೆ, ಮಂಗಳ, ಪಕ್ಕದ ಮನೆಯ ಇಬ್ಬರು ಹಿರಿಯರು ಎಲ್ಲರೂ ನನ್ನ ಬೆನ್ನ ಹಿಂದೆ ಸಾಲಾಗಿ ನಿಂತರು. ಗಂಡಿನ ಕಡೆಯವರಿಗೆ ಹೇಗೆ ಕಾಣುತ್ತಾಳೋ ಹಾಗೇ ನಾವೂ ನೋಡಬೇಕು ಎಂಬುದು ಮಾವನ ವಾದ. "ಗಲ್ಲ ಎತ್ತು", "ಅಷ್ಟು ಎತ್ಬೇಡ ಕಣೇ", "ನಗು, ಹಲ್ಲು ಬಿಡ್ಬೇಡ" ಎಂದು ಹಿಂದಿನಿಂದ ಅಪ್ಪಣೆಗಳು ಬರುತ್ತಿದ್ದವು. ಅತ್ತೆ ಆಗಾಗ ಮುಂದೆ ಹೋಗಿ ಸೆರಗು ಸರಿಮಾಡಿ ಬರುತ್ತಿದ್ದರು; ಅವರ ಕಣ್ಣೆಲ್ಲ ಸೆರಗಿನ ಮೇಲೆ. ನಾನು ಕಾಗದದ ಕನ್ನಡಕ ಹಾಕಿಕೊಂಡು ಕಿಟಕಿಯಲ್ಲಿ ಇಬ್ಬರು ಗಿರಿಜೆಯರನ್ನು ಒಬ್ಬಳನ್ನಾಗಿ ಮಾಡುವುದರಲ್ಲಿ ಮಗ್ನನಾಗಿದ್ದೆ. ಸಾಬರ ಕೈಗುಣ, ಇಬ್ಬರೂ ಬೆಣ್ಣೆಯ ಹಾಗೆ ಸೇರುತ್ತಿದ್ದರು. ಅರ್ಧ ರೀಲು ಮುಗಿಸಿದೆ. ಗಿರಿಜೆ ಅಷ್ಟು ಹೊತ್ತೂ ಪ್ರಸನ್ನಳಾಗಿ ಕೂತಿದ್ದಳು. ಎಲ್ಲರೂ ಅದನ್ನು ಶುಭಸೂಚನೆ ಎಂದುಕೊಂಡೆವು.

ತುಮಕೂರಿನ ಸ್ಟುಡಿಯೋದವನು ರೀಲು ತೊಳೆದು ಬೆಳಕಿಗೆ ಹಿಡಿದ. ಅವನು ಮರ್ಯಾದಸ್ಥ. "ತುಂಬಾ ಶುಭ್ರವಾಗಿದೆ ಸಾರ್" ಅಂದ. ನಿಜ, ಕಿಟಕಿಯ ಗಾಜಿನಷ್ಟು ಶುಭ್ರವಾಗಿತ್ತು. ಅದರ ಮೂಲಕ ಅವನ ಮುಖ ಆರಾಮವಾಗಿ ಕಾಣುತ್ತಿತ್ತು. ಗಿರಿಜೆಯ ಮುಖ ಮಾತ್ರ ಎಲ್ಲೂ ಇರಲಿಲ್ಲ.

ನಾನು ಕೋಪದಿಂದ ಗುಬ್ಬಿ ರೈಲು ಹತ್ತಿದೆ. ಅನಂತವನ್ನು ಸಿಗ್ನಲ್ ಕಂಬಕ್ಕೆ ಇಳಿಸಿದವರು ಇನ್ನೇನು ಕೆಡಿಸಿದ್ದಾರೋ ಎಂದು ದಾರಿಯುದ್ದಕ್ಕೂ ಸಾಬರನ್ನು ಮನಸ್ಸಿನಲ್ಲೇ ತರಾಟೆಗೆ ತೆಗೆದುಕೊಂಡೆ. ಅವರು ನನ್ನ ಮಾತು ಪೂರ್ತಿ ಕೇಳಿ, ಸ್ಟೂಲಿನ ಮೇಲೆ ಕೂತು, "ಹೆಂಗ್ ತೆಗೆದ್ರಿ, ಹಂಗೇ ನಂದೊಂದು ತೆಗೀರಿ" ಅಂದರು. ನಾನು ಕನ್ನಡಕ ಹಾಕಿಕೊಂಡೆ, ಬಳೆ ತಿರುಗಿಸಿದೆ, ಇಬ್ಬರು ಸಾಬರನ್ನು ಒಬ್ಬರನ್ನಾಗಿ ಮಾಡಿ ಗುಂಡಿ ಒತ್ತಿದೆ. ಸಾಬರು ಅಲ್ಲಾಡಲಿಲ್ಲ.

"ಮೇಷ್ಟ್ರೇ, ನನ್ ನಶ್ಯದ ಡಬ್ಬಿ ಮುಚ್ಚಳ ನನ್ನೇ ನೋಡ್ತಾ ಅದೆ" ಅಂದರು.

ಒಂದು ವರ್ಷ ಮುಚ್ಚಳವಿಲ್ಲದೆ ಬಾಳಿದವನಿಗೆ ಮುಚ್ಚಳ ತೆಗೆಯುವ ಅಭ್ಯಾಸ ಎಲ್ಲಿಂದ ಬರಬೇಕು? ಕಿಟಕಿ ಬೇರೆ, ಲೆನ್ಸು ಬೇರೆ. ನನ್ನ ಕಿಟಕಿಯಲ್ಲಿ ಲೋಕವೆಲ್ಲ ಸರಿಯಾಗಿಯೇ ಇತ್ತು. ನಾನು ನಾಚಿಕೆಯಿಂದ ಕ್ಷಮೆ ಕೇಳುತ್ತಿದ್ದರೆ ಸಾಬರು ನಶ್ಯ ಏರಿಸುತ್ತ ಕೇಳಿದರು: "ಹಿಂದೆ ನಿಂತೋರಿಗೆ ಕಾಣಲ್ಲ, ಸರಿ. ಮುಂದೆ ಕೂತಿದ್ ಮಗೀಗೆ ಕಾಣ್ಲಿಲ್ವಾ?"

ಆ ಮಾತು ನನ್ನನ್ನು ಕುಣಿಗಲ್ ಬಸ್ಸಿನಲ್ಲಿ ಸುಮ್ಮನೆ ಕೂರಲು ಬಿಡಲಿಲ್ಲ. ಆಷಾಢಕ್ಕೆ ಇನ್ನೂ ಹತ್ತು ದಿನವಿತ್ತು. ಮತ್ತೆ ತೆಗೆದುಕೊಡುವುದೆಂದು ಹೊಸ ರೀಲು ಹಾಕಿಕೊಂಡೇ ಹೊರಟಿದ್ದೆ. ಹಿತ್ತಿಲಲ್ಲಿ ಗಿರಿಜೆ ಒಬ್ಬಳೇ ಹೂ ಬಿಡಿಸುತ್ತಿದ್ದಾಗ ಕೇಳಿದೆ: "ಮುಚ್ಚಳ ಇದ್ದದ್ದು ನಿನಗೆ ಕಾಣ್ತಿತ್ತಾ?"

ಅವಳು ತಲೆ ಎತ್ತಲಿಲ್ಲ. "ಯುಗಾದೀಲಿ ತೆಗೆದಾಗ ಗಾಜಿನೊಳ್ಗೆ ನನ್ ಮುಖ ಪುಟ್ಟದಾಗಿ ಕಾಣ್ಸಿತ್ತು ಭಾವ. ಈ ಸಲ ಕಾಣ್ಲಿಲ್ಲ. ಮೊದಲ್ನೇ ಸಲ ಅನುಮಾನ ಬಂತು. ಎರಡನೇ ಸಲ ಗೊತ್ತಾಯ್ತು. ಮೂರನೇ ಸಲ ಮನಸಲ್ಲೇ ದೇವ್ರಿಗೆ ಕೈ ಮುಗಿದೆ."

"ಹೇಳಬಾರದಿತ್ತೇನೇ?"

"ನನ್ನ ಯಾರು ಕೇಳಿದ್ರು?" ಅಂದಳು. ಆಮೇಲೆ ತುಮಕೂರಿನಲ್ಲಿ ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಿರುವುದನ್ನೂ, ಅದನ್ನು ಅಪ್ಪನಿಗೆ ಹೇಳಲು ಧೈರ್ಯವಿಲ್ಲದಿರುವುದನ್ನೂ ಹೇಳಿದಳು. ಹೇಳುತ್ತ ಅವಳ ಕೈಯಲ್ಲಿದ್ದ ಮಲ್ಲಿಗೆ ಮೊಗ್ಗು ಪುಡಿಯಾಗಿಹೋಯಿತು. ನನಗೆ ತುಂಬಾ ಸಂಕಟವಾಯಿತು. ಹದಿನೆಂಟು ಸಲ ಅವಳ ಮುಖವನ್ನು ಅಷ್ಟು ಎಚ್ಚರದಿಂದ ನೋಡಿದ್ದೆ, ಒಂದು ಸಲವೂ ಅವಳನ್ನು ಕಂಡಿರಲಿಲ್ಲ.

ನಡುಮನೆಗೆ ಹೋಗಿ ಮಾವನಿಗೆ, ಕ್ಯಾಮೆರಾ ಕೆಟ್ಟಿದೆ, ಮತ್ತೆ ಗುಬ್ಬಿಗೆ ಕೊಡಬೇಕು ಅಂದೆ. ಮಾವ ಪಕ್ಕದ ಮನೆಯವರ ಎದುರಿಗೇ, "ನಮ್ಮಳಿಯಂದ್ರು ಕ್ಯಾಮೆರಾ ಅಂತ ಡಬ್ಬ ತಗೊಂಡವ್ರೆ" ಅಂದರು. ಆ ಮಾತು ಚುಚ್ಚಿತು. ಯುದ್ಧಕ್ಕೆ ಮೊದಲಿನ ಜರ್ಮನ್ ಕ್ಯಾಮೆರಾಕ್ಕೆ ಎಂಥ ಮಾತು. ಆದರೂ ಬಾಯಿ ಮುಚ್ಚಿಕೊಂಡೆ. ಮುಚ್ಚುವ ವಿಷಯದಲ್ಲಿ ಬಾಯಿ ನನ್ನ ಕಣ್ಣಿಗಿಂತ ವಿಧೇಯ.

ಮಾರನೇ ದಿನ ಕ್ಯಾಮೆರಾವನ್ನು ಸಾಬರ ಮುಂದಿಟ್ಟು, "ಇದು ರಿಪೇರಿ ಆಗಬೇಕು" ಅಂದೆ. "ಏನೂ ಕೆಟ್ಟಿಲ್ವಲ್ಲ" ಅಂದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರಿಗೂ ಹೆಣ್ಣುಮಕ್ಕಳಿದ್ದರು. ಕ್ಯಾಮೆರಾವನ್ನು ತಮ್ಮ ಕಡೆಗೆ ಎಳೆದುಕೊಂಡು, "ಎಷ್ಟು ದಿನ ರಿಪೇರಿ ಆಗ್ಬೇಕು?" ಅಂದರು.

"ಆಷಾಢ ಕಳೆಯೋವರೆಗೆ."

"ಸ್ಪ್ರಿಂಗು ಬೊಂಬಾಯಿಂದ ಬರ್ಬೇಕು ಅಂತ ಹೇಳಿ. ಕೆಟ್ಟ ಹೆಸರು ನನಗಿರ್ಲಿ ಬಿಡಿ."

ಮಾವ ಸ್ಟುಡಿಯೋದವನನ್ನು ಮನೆಗೆ ಕರೆಸುವುದೋ ಬೇಡವೋ ಎಂದು ಮೀನಮೇಷ ಎಣಿಸುವಷ್ಟರಲ್ಲಿ ಆಷಾಢ ಬಂತು. ಲಾರಿಗಳೆರಡೂ ಬೇರೆ ಊರಿನ ಕಡೆ ತಿರುಗಿದವು. ಶ್ರಾವಣದಲ್ಲಿ ಮಂಗಳ ಅಪ್ಪನ ಹತ್ತಿರ ಕೂತು ಟ್ರೈನಿಂಗಿನ ಮಾತು ತೆಗೆದಳು. ‘ನಮ್ಮ ಮನೇಲೇ ಇರ್ತಾಳೆ’ ಅಂದಳು. ಮಾವ ಮೂರು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ನಾಲ್ಕನೆಯ ದಿನ ಟ್ರಂಕು ಅಟ್ಟದಿಂದ ಇಳಿಸಿದರು.

ಇದೆಲ್ಲ ಆಗಿ ನಾಲ್ಕು ವರ್ಷವಾದ ಮೇಲೆ, ಚೇಳೂರಿನ ಶಾಲೆಯಲ್ಲಿ ಕೆಲಸಕ್ಕಿದ್ದ ಗಿರಿಜೆ ಒಂದು ಭಾನುವಾರ ನಮ್ಮ ಮನೆಗೆ ಬಂದಳು. ಅದೇ ಶಾಲೆಯ ಮೇಷ್ಟ್ರೊಬ್ಬರ ತಾಯಿಗೆ ಕಾಗದದ ಜೊತೆ ಕಳಿಸಲು ಒಂದು ಫೋಟೋ ಬೇಕಿತ್ತು. ಈ ಸಲ ಪಂಚೆ ಕಟ್ಟಲಿಲ್ಲ, ಹಿಂದೆ ಯಾರೂ ಸಾಲಾಗಿ ನಿಲ್ಲಲಿಲ್ಲ. ಅವಳು ತಾನೇ ಕುರ್ಚಿ ತಂದು ನೆಲ್ಲಿಮರದ ಕೆಳಗೆ ಹಾಕಿಕೊಂಡಳು. ನಾನು ಕಾಗದದ ಕನ್ನಡಕ ಹಾಕಿಕೊಂಡೆ. ಕಿಟಕಿಯಲ್ಲಿ ಇಬ್ಬರು ಗಿರಿಜೆಯರು ಒಬ್ಬಳಾದರು. ಗುಂಡಿಯ ಮೇಲೆ ಬೆರಳಿಟ್ಟೆ.

"ತಡೀರಿ ಭಾವ" ಅಂದಳು. ಎದ್ದು ಬಂದು, ಲೆನ್ಸಿನ ಮೇಲಿದ್ದ ನಶ್ಯದ ಡಬ್ಬಿಯ ಮುಚ್ಚಳವನ್ನು ತಾನೇ ತೆಗೆದು, ಮುಷ್ಟಿಯಲ್ಲಿ ಹಿಡಿದುಕೊಂಡು ಹೋಗಿ ಕೂತಳು.

ಫೋಟೋ ಚೆನ್ನಾಗಿ ಬಂತು. ಮಾವ ಅದಕ್ಕೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದಾರೆ. ಹೋದಾಗಲೆಲ್ಲ ಅದರ ಮುಂದೆ ನಿಂತು, ಎಲ್ಲ ಸರಿಯಾಗಿದೆ ಅಳಿಯಂದ್ರೇ, ಬಲಗೈ ಯಾಕೆ ಹಾಗೆ ಬಿಗಿ ಹಿಡಿದಿದ್ದಾಳೆ ಎಂದು ಕೇಳುತ್ತಾರೆ. ನಾನು ಕನ್ನಡಕ ತೆಗೆದು ಒರೆಸಿಕೊಳ್ಳುತ್ತೇನೆ.